ದೊಡ್ಡವ್ವನ ಜಗುಲಿ
(ಹಾಸ್ಟೆಲಿನಲ್ಲಿ ಸಾವಿತ್ರಿಬಾಯಿ ಫುಲೆ ಜಯಂತಿಯ ದಿನ ಮಾಡಿದ ಭಾಷಣ)



ಸಾವಿತ್ರಿಬಾಯಿ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದರು ಅಂತ ಎಲ್ಲರೂ ಹೇಳ್ತಾರೆ. ಅವರು ಸತ್ತದ್ದು ಹೇಗೆ ಅಂತ ಹೇಳೋರು ಕಡಿಮೆ. 1897ರ ಪ್ಲೇಗಿನಲ್ಲಿ ಮಹಾರ್ ಕೇರಿಯ ಹುಡುಗನೊಬ್ಬನನ್ನು ಹೊತ್ತು ದವಾಖಾನೆಗೆ ತಂದರು. ಅದೇ ರೋಗ ಅವರಿಗೂ ಹತ್ತಿತು. ಮಾರ್ಚ್ 10ರಂದು ತೀರಿಕೊಂಡರು.

ಅವರ ಪಟಕ್ಕೆ ಹೂ ಹಾಕುವಾಗ ನಮಗೆ ನಮ್ಮ ಕೇರಿಯ ದೊಡ್ಡವ್ವ ನೆನಪಾದಳು. ಒಂದೇ ಕೇರಿಯಿಂದ ಈ ಹಾಸ್ಟೆಲಿಗೆ ಬಂದ ನಾವೆಲ್ಲ ಅವಳ ಜಗುಲಿಯಲ್ಲೇ ಬೆಳೆದವರು. ರಕ್ತಸಂಬಂಧ ಇಲ್ಲ, ಪಕ್ಕದ ಮನೆಯವಳು, ಅಷ್ಟೆ. ನಮ್ಮ ಅವ್ವಂದಿರು ಕತ್ತಲಲ್ಲೇ ನಾಟಿಗೆ ಹೋದರೆ ಹತ್ತು ಹನ್ನೆರಡು ಕೂಸುಗಳು ಅವಳ ಪಾಲಿಗೆ. ರಾಗಿ ಅಂಬಲಿ ಸಾಲದಿದ್ದರೆ ನೀರು, ಉಪ್ಪು ಬೆರೆಸೋಳು. ಮಲಗಿದ ಕೂಸಿನ ನೊಣ ಓಡಿಸ್ತಾ ಇನ್ನೊಂದರ ಹೇನು ನೋಡೋಳು.

ಅವಳಿಗೆ ಓದು ಬರ್ತಿರಲಿಲ್ಲ. ಸಂಜೆ ನಮ್ಮನ್ನು ಸಾಲಾಗಿ ಕೂರಿಸಿ ಜೋರಾಗಿ ಓದಿಸೋಳು. ಬಾಯಿಪಾಠ ಒಪ್ಪಿಸಿದರೆ ಹಿಡಿದುಬಿಡೋಳು: "ಬೆಟ್ಟು ಒಂದ್ಕಡೆ, ಬಾಯಿ ಒಂದ್ಕಡೆ ಹೋಯ್ತದಲ್ಲೋ ಕೂಸೆ!"

ಇಂಥವಳನ್ನು ತ್ಯಾಗಮಯಿ ಅಂತ ಹೊಗಳಿ ಕೈತೊಳೆದುಕೊಳ್ಳೋದು ನಮಗೆ ಹಿಡಿಸೋದಿಲ್ಲ. ಅದು ಕೆಲಸ. ಅವಳು ಕೂಸು ಹಿಡಿದಿದ್ದರಿಂದಲೇ ಧಣಿಯ ಗದ್ದೆ ನಾಟಿಯಾಯಿತು. ನಾಟಿ ಮಾಡಿದವರಿಗೆ ಅರೆಕೂಲಿಯಾದರೂ ಸಿಕ್ಕಿತು. ಇವಳಿಗೆ ಯಾರು ಕೊಟ್ಟರು?

ಸರ್ಕಾರ ಈ ಕೆಲಸಕ್ಕೆ ಕೈಹಾಕಿದ್ದು 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರಕ್ಕೆ ಅಂಗನವಾಡಿ ಬಂತು. ನಾವು ಹುಟ್ಟುವ ಹೊತ್ತಿಗೆ ನಮ್ಮೂರಿಗೂ ಬಂದಿತ್ತು, ಆದರೆ ಊರೊಳಗೆ, ಗುಡಿಯ ಪಕ್ಕ. ಕೇರಿ ಮಕ್ಕಳಿಗೆ ಬಾಗಿಲ ಹತ್ರ ಜಾಗ. ಮುಂದೆ ಕೇರಿಯ ಸೊಸೆಯೊಬ್ಬಳು ಸಹಾಯಕಿಯಾದಾಗ ಊರವರು ಮಕ್ಕಳನ್ನು ಕಳಿಸೋದೇ ನಿಲ್ಲಿಸಿದರು. ಅವಳು ಅಳ್ತಾ ಬಂದಳು. ದೊಡ್ಡವ್ವ ಎಲೆಅಡಿಕೆ ಅಗೀತಾ, "ಬರ್ದಿದ್ರೆ ಬುಡ್ಲಿ ಕಣವ್ವ, ಅನ್ನ ಉಳೀತದೆ, ನಮ್ಮವು ಉಣ್ತವೆ" ಅಂದಳು. ಇಡೀ ಕೇರಿ ನಕ್ಕಿತು. ಸಹಾಯಕಿ ಮಾತ್ರ ನಗಲಿಲ್ಲ.

ಆ ಸಹಾಯಕಿಗೆ ಇವತ್ತಿಗೂ ಬರೋದು ಸಂಬಳ ಅಲ್ಲ, ಗೌರವಧನ. ಇಂಥವರಿಗೂ ಗ್ರಾಚ್ಯುಯಿಟಿ ಕೊಡಬೇಕು ಅಂತ ಸುಪ್ರೀಂ ಕೋರ್ಟು ಹೇಳಲು 2022 ಆಗಬೇಕಾಯಿತು. ದೊಡ್ಡವ್ವ ಅಷ್ಟರಲ್ಲಿ ಮಣ್ಣಾಗಿದ್ದಳು. ರೇಷನ್ ಕಾರ್ಡು ಬಿಟ್ಟರೆ ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಗೆಳೆಯರೆ, ನಿಮ್ಮ ಕೇರಿಯಲ್ಲೂ ಒಬ್ಬಳಿದ್ದಾಳೆ. ರಜೆಗೆ ಹೋದಾಗ ಅವಳ ಹತ್ರ ಕೂತ್ಕೊಳ್ಳಿ. ಎಷ್ಟು ಕೂಸು ಸಾಕಿದಳು, ಏನು ಉಣಿಸಿದಳು, ಯಾರ ಗದ್ದೆಗೆ ಯಾರು ಹೋಗಿದ್ದರು, ಎಲ್ಲಾ ಕೇಳಿ ಬರ್ಕೊಳ್ಳಿ. ರಜೆ ಮುಗಿದ ಮೊದಲ ಭಾನುವಾರ ಇದೇ ಹಾಲಿನಲ್ಲಿ ಓದೋಣ.