ಮಕ್ಕಳಲ್ಲಿ ಮೂರ್ಛೆರೋಗ: ಚಿಕಿತ್ಸೆ ಮತ್ತು ಕುಟುಂಬದ ಹೊಣೆ



ಮಗುವಿಗೆ ಟೈಫಾಯಿಡ್ ಜ್ವರ ಬಂದರೆ ಅಥವಾ ಆಡುವಾಗ ಬಿದ್ದು ಕೈ ಮುರಿದರೆ ತಂದೆತಾಯಿಗಳು ಆ ಸಂಗತಿಯನ್ನು ಬಂಧುಗಳಿಗೂ ಶಾಲೆಗೂ ಸಂಕೋಚವಿಲ್ಲದೆ ತಿಳಿಸುತ್ತಾರೆ. ಅದೇ ಮಗುವಿಗೆ ಮೂರ್ಛೆ ಬಂದರೆ ಮಾತ್ರ ವಿಷಯ ಮನೆಯೊಳಗೇ ಉಳಿಯುತ್ತದೆ. ಶಾಲೆಗೆ ‘ಜ್ವರ’ ಎಂದು ಚೀಟಿ ಹೋಗುತ್ತದೆ. ಊರಿನಲ್ಲಿರುವ ಹಿರಿಯರಿಗೆ ಏನನ್ನೂ ಹೇಳುವುದಿಲ್ಲ. ಹೆಣ್ಣುಮಗುವಾದರೆ ಮುಚ್ಚುಮರೆ ಇನ್ನೂ ಹೆಚ್ಚು. ಆದುದರಿಂದ ಮಕ್ಕಳ ಮೂರ್ಛೆರೋಗದ ಬಗ್ಗೆ ವಿಚಾರ ಮಾಡುವಾಗ ಔಷಧಿಯ ಜೊತೆಗೆ ಈ ಮುಚ್ಚುಮರೆಯನ್ನೂ ಗಮನಕ್ಕೆ ತಂದುಕೊಳ್ಳಬೇಕಾಗುತ್ತದೆ. ಗುಟ್ಟಾಗಿ ನಡೆಯುವ ಚಿಕಿತ್ಸೆ ಅರ್ಧದಲ್ಲೇ ನಿಂತುಹೋಗುವ ಸಂಭವ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ. ಸರಿಯಾದ ರೋಗನಿದಾನ ಮತ್ತು ಚಿಕಿತ್ಸೆ ದೊರೆತಲ್ಲಿ ಇವರಲ್ಲಿ ಶೇಕಡ 70ರವರೆಗೆ ಮೂರ್ಛೆಯ ಕಾಟವಿಲ್ಲದೆ ಬಾಳಬಹುದೆಂದು ಆ ಸಂಸ್ಥೆ ತಿಳಿಸಿದೆ. ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಪ್ರದೇಶಗಳಲ್ಲಿ ನಡೆದ, 2004ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಪ್ರತಿ 1000 ಜನರಲ್ಲಿ ಸುಮಾರು 9 ಮಂದಿಗೆ ಈ ರೋಗವಿರುವುದು ಕಂಡುಬಂದಿತು. ಹಳ್ಳಿಗಳಲ್ಲಿ ಈ ಪ್ರಮಾಣ ನಗರದಲ್ಲಿರುವುದರ ಸುಮಾರು ಎರಡರಷ್ಟಿತ್ತು. ಹೀಗಿರುವಾಗ ತಮ್ಮ ಮನೆಯ ಮಗುವಿಗೆ ಮಾತ್ರ ಬಂದ ವಿಚಿತ್ರ ವಿಪತ್ತು ಇದೆಂದು ಯಾವ ಕುಟುಂಬವೂ ಭಾವಿಸಬೇಕಾದುದಿಲ್ಲ.

ರೋಗದ ಸ್ವರೂಪ

ಮಿದುಳಿನ ಜೀವಕೋಶಗಳು ಅತಿ ಸೂಕ್ಷ್ಮವಾದ ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಈ ಸಂಕೇತಗಳು ಒಮ್ಮೆಲೇ ಮಿತಿಮೀರಿ ಹೊಮ್ಮಿದಾಗ ಸೆಳವು ಉಂಟಾಗುತ್ತದೆ. ಯಾವುದೇ ತಾತ್ಕಾಲಿಕ ಕಾರಣವಿಲ್ಲದೆ ಇಂತಹ ಸೆಳವುಗಳು ಮರುಕಳಿಸುವ ಸ್ಥಿತಿಗೆ ಮೂರ್ಛೆರೋಗವೆಂದು ಹೆಸರು. ಜನರು ಇದನ್ನು ‘ಫಿಟ್ಸ್’ ಎಂದೂ ‘ಮಲರೋಗ’ವೆಂದೂ ಕರೆಯುತ್ತಾರೆ. ಚರಕಸಂಹಿತೆಯು ‘ಅಪಸ್ಮಾರ’ವೆಂಬ ಹೆಸರಿನಲ್ಲಿ ಇದನ್ನು ಚಿಕಿತ್ಸೆಗೆ ಒಳಪಡುವ ವ್ಯಾಧಿಯಾಗಿಯೇ ಪರಿಗಣಿಸಿ ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟಿದೆ. ಇದು ಅಂಟುರೋಗವಲ್ಲ. ರೋಗಿಯನ್ನು ಮುಟ್ಟುವುದರಿಂದಾಗಲಿ, ಅವನ ಬಾಯಿಯ ನೊರೆ ತಗಲುವುದರಿಂದಾಗಲಿ ಹರಡುವುದಿಲ್ಲ.

ಎಲ್ಲ ಸೆಳವುಗಳಲ್ಲೂ ಮಗು ಬಿದ್ದು ಕೈಕಾಲು ಬಡಿಯುವುದಿಲ್ಲ. ಕೆಲವು ಮಕ್ಕಳು ಕೆಲವೇ ಕ್ಷಣಗಳ ಕಾಲ ದೃಷ್ಟಿ ನೆಟ್ಟು, ಮಾತು ನಿಲ್ಲಿಸಿ, ಮತ್ತೆ ಏನೂ ಆಗದವರಂತೆ ಮುಂದುವರಿಯುತ್ತಾರೆ. ದಿನಕ್ಕೆ ಹತ್ತಾರು ಬಾರಿ ಹೀಗಾಗಬಹುದು. ತರಗತಿಯಲ್ಲಿ ಇಂತಹ ಮಗುವಿಗೆ ಪಾಠದ ಎಳೆ ಪದೇ ಪದೇ ತಪ್ಪಿಹೋಗುತ್ತದೆ. ಉಪಾಧ್ಯಾಯರು ಅದನ್ನು ಅಲಕ್ಷ್ಯವೆಂದು ತಿಳಿದು ಶಿಕ್ಷಿಸುವುದುಂಟು. ಇನ್ನು ಕೆಲವರಲ್ಲಿ ಮುಖದ ಒಂದು ಪಕ್ಕ ಅಥವಾ ಒಂದು ಕೈ ಮಾತ್ರ ಅದುರುತ್ತದೆ. ಒಂದು ವರ್ಷದೊಳಗಿನ ಹಸುಗೂಸು ಹಠಾತ್ತನೆ ಮುಂದಕ್ಕೆ ಬಾಗಿ ಕೈಗಳನ್ನು ಚಾಚುತ್ತ, ಅದೇ ಚಲನೆಯನ್ನು ಸಾಲುಸಾಲಾಗಿ ಮಾಡುತ್ತಿದ್ದರೆ ಅದನ್ನು ಹೊಟ್ಟೆನೋವೆಂದೋ ಬೆಚ್ಚಿಬೀಳುವುದೆಂದೋ ಕಡೆಗಣಿಸಬಾರದು. 1841ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ ತನ್ನ ಸ್ವಂತ ಮಗನಲ್ಲಿ ಕಂಡು ವರ್ಣಿಸಿದ ಈ ಬಗೆಯ ಸೆಳವಿಗೆ ಚಿಕಿತ್ಸೆ ತಡವಾದಷ್ಟೂ ಮಗುವಿನ ಬುದ್ಧಿಯ ಬೆಳವಣಿಗೆಗೆ ಧಕ್ಕೆಯಾಗುವ ಅಪಾಯ ಹೆಚ್ಚುತ್ತದೆ.

6 ತಿಂಗಳಿನಿಂದ 5 ವರ್ಷದವರೆಗಿನ ಕೆಲವು ಮಕ್ಕಳಿಗೆ ತೀವ್ರ ಜ್ವರ ಬಂದಾಗ ಸೆಳವು ಬರುತ್ತದೆ. ನೋಡುವವರಿಗೆ ಭಯಂಕರವಾಗಿ ಕಂಡರೂ ಇದು ಸಾಮಾನ್ಯವಾಗಿ ಮೂರ್ಛೆರೋಗವಲ್ಲ. ಹೆಚ್ಚಿನ ಮಕ್ಕಳಲ್ಲಿ ವಯಸ್ಸಾದಂತೆ ತಾನಾಗಿ ನಿಂತುಹೋಗುತ್ತದೆ. ಆದರೂ ಮಿದುಳುಪೊರೆಯ ಸೋಂಕು ಇಲ್ಲವೆಂಬುದನ್ನು ವೈದ್ಯರಿಂದ ಖಚಿತಪಡಿಸಿಕೊಳ್ಳುವುದು ಅವಶ್ಯಕ.

ಕಾರಣಗಳು

ಹೆರಿಗೆಯ ವೇಳೆಯಲ್ಲಿ ಮಗುವಿಗೆ ಉಸಿರು ಕಟ್ಟುವುದು, ನವಜಾತ ಶಿಶುವಿನ ರಕ್ತದಲ್ಲಿ ಸಕ್ಕರೆಯ ಅಂಶ ಕುಸಿಯುವುದು, ಮಿದುಳಿನ ಸೋಂಕು, ತಲೆಗೆ ಬಿದ್ದ ಪೆಟ್ಟು, ಅನುವಂಶೀಯ ದೋಷ ಮೊದಲಾದವು ಈ ರೋಗಕ್ಕೆ ಕಾರಣವಾಗಬಲ್ಲವು. ಅನೇಕ ಮಕ್ಕಳಲ್ಲಿ ಕಾರಣ ಗೊತ್ತಾಗುವುದೇ ಇಲ್ಲ. ನಮ್ಮ ದೇಶದಲ್ಲಿ ಕಂಡುಬರುವ ಮತ್ತೊಂದು ಮುಖ್ಯ ಕಾರಣ ಲಾಡಿಹುಳುವಿನ ಮರಿಗಳು ಮಿದುಳಿನಲ್ಲಿ ನೆಲೆಸುವುದು. ಇದು ಹಂದಿಮಾಂಸ ತಿನ್ನುವವರಿಗೆ ಮಾತ್ರ ಬರುತ್ತದೆಂಬ ನಂಬಿಕೆ ಸರಿಯಲ್ಲ. ಹುಳುವಿರುವ ವ್ಯಕ್ತಿಯ ಮಲದೊಡನೆ ಹೊರಬೀಳುವ ಮೊಟ್ಟೆಗಳು ತೊಳೆಯದ ಸೊಪ್ಪು, ಹಸಿ ತರಕಾರಿ, ಕಲುಷಿತ ನೀರು ಮತ್ತು ಕೊಳಕು ಕೈಗಳ ಮೂಲಕ ಶುದ್ಧ ಸಸ್ಯಾಹಾರಿಗಳ ಹೊಟ್ಟೆಯನ್ನೂ ಸೇರುತ್ತವೆ. ಶೌಚಾಲಯದ ಬಳಕೆ, ಸಾಬೂನಿನಿಂದ ಕೈ ತೊಳೆಯುವುದು, ತರಕಾರಿಯನ್ನು ಚೆನ್ನಾಗಿ ತೊಳೆದು ಬಳಸುವುದು, ಇವು ಈ ಬಗೆಯ ಮೂರ್ಛೆರೋಗವನ್ನು ತಡೆಯುವ ಉಪಾಯಗಳು.

ಬಿಸಿನೀರಿನ ಮೂರ್ಛೆ

ಕನ್ನಡಿಗರು ವಿಶೇಷವಾಗಿ ತಿಳಿದಿರಬೇಕಾದ ಒಂದು ಬಗೆ ಇದೆ. ತಲೆಯ ಮೇಲೆ ಬಿಸಿನೀರು ಸುರಿದುಕೊಳ್ಳುವಾಗ ಬರುವ ಈ ಸೆಳವು ಜಗತ್ತಿನ ಇತರ ಭಾಗಗಳಲ್ಲಿ ವಿರಳವಾದರೂ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದ ದಕ್ಷಿಣ ಜಿಲ್ಲೆಗಳಲ್ಲಿ, ಹೆಚ್ಚಾಗಿ ಕಂಡುಬಂದಿದೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಅವರೂ ಅನಂತರ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್‌ಚಂದ್ರ ಅವರೂ ಇದನ್ನು ಕುರಿತು ವಿಸ್ತಾರವಾದ ಅಧ್ಯಯನ ನಡೆಸಿದ್ದಾರೆ. ಇದು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಅಧಿಕ.

ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬಿನಿಂದ ಮೇಲಿಂದ ಮೇಲೆ ತಲೆಗೆ ಹೊಯ್ಯುವ ಪದ್ಧತಿಗೂ ಈ ಸೆಳವಿಗೂ ಸಂಬಂಧವಿದೆ. ನೀರು ಹೊಯ್ಯುತ್ತಿರುವಂತೆಯೇ ಮಗು ಮಂಕಾಗಿ, ಕೇಳಿದುದಕ್ಕೆ ಉತ್ತರಿಸದೆ, ಕೆಲವೊಮ್ಮೆ ಬಿದ್ದು ಕೈಕಾಲು ಸೆಟೆಯುತ್ತದೆ. ಕೆಲವು ಮಕ್ಕಳು ಆ ಗಳಿಗೆಯಲ್ಲಿ ಇನ್ನಷ್ಟು ಬಿಸಿನೀರನ್ನು ತಾವಾಗಿ ಸುರಿದುಕೊಳ್ಳುವುದೂ ಉಂಟು. ನಗರದ ಮನೆಯಲ್ಲಿ ಬಕೆಟ್ಟಿನ ಉಗುರುಬೆಚ್ಚಗಿನ ನೀರಿನಲ್ಲಿ ಮೀಯುವ ಮಗುವಿಗೆ, ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಎಣ್ಣೆ ತಿಕ್ಕಿ ಹಬ್ಬದ ನೀರು ಹಾಕುವಾಗ ಮೊದಲ ಬಾರಿಗೆ ಸೆಳವು ಬರಬಹುದು. ಆಗ ಬಚ್ಚಲಿನ ದೋಷ, ದೆವ್ವದ ಚೇಷ್ಟೆ ಎಂಬ ಮಾತುಗಳು ಏಳುವುದು ಸಹಜ. ಇದರ ಉಪಾಯ ಮಾತ್ರ ಸರಳವಾಗಿದೆ. ನೀರಿನ ಬಿಸಿಯನ್ನು ತಗ್ಗಿಸಬೇಕು. ಮೊದಲು ಮೈಗೆ, ಕೊನೆಗೆ ತಲೆಗೆ ಸ್ವಲ್ಪಸ್ವಲ್ಪವಾಗಿ ನೀರು ಹಾಕಬೇಕು. ಮಗುವನ್ನು ಒಂಟಿಯಾಗಿ ಸ್ನಾನಕ್ಕೆ ಬಿಡಬಾರದು. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬಾರದು. ಇಷ್ಟರಿಂದ ನಿಲ್ಲದಿದ್ದರೆ ತಲೆಸ್ನಾನಕ್ಕೆ ಸುಮಾರು ಒಂದೂವರೆ ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ನೀಡುವ ಕ್ರಮವಿದೆ. ಇದನ್ನು ವೈದ್ಯರ ಸಲಹೆಯ ಮೇರೆಗೆ ಮಾತ್ರ ಅನುಸರಿಸಬೇಕು. ಕೆಲವರಲ್ಲಿ ಮುಂದೆ ಬಿಸಿನೀರಿನ ನಿಮಿತ್ತವಿಲ್ಲದೆಯೂ ಸೆಳವು ಬರುವುದರಿಂದ ವೈದ್ಯಕೀಯ ತಪಾಸಣೆಯನ್ನು ಬಿಡಬಾರದು.

ಔಷಧಿ ಮತ್ತು ಅದರ ಪರಿಣಾಮ

1912ರಲ್ಲಿ ಫಿನೋಬಾರ್ಬಿಟೋನ್, 1938ರಲ್ಲಿ ಫೆನಿಟಾಯಿನ್ ಈ ರೋಗಕ್ಕೆ ಬಳಕೆಗೆ ಬಂದವು. ಅನಂತರ ಕಾರ್ಬಮಜಪೀನ್, ವಾಲ್ಪ್ರೋಯೇಟ್, ಲೆವೆಟಿರಾಸೆಟಾಮ್ ಮುಂತಾದವು ಸೇರಿಕೊಂಡವು. ಅಗ್ಗದ ಹಳೆಯ ಔಷಧಿಗಳಿಂದಲೇ ಎಷ್ಟು ಸಾಧಿಸಬಹುದೆಂಬುದನ್ನು ಯಳಂದೂರಿನಲ್ಲಿ ಡಾ. ಮಣಿ ಮತ್ತು ಸಂಗಡಿಗರು ನಡೆಸಿದ, 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಳ್ಳಿಯ ಜನರಿಗೆ ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್ ಕ್ರಮವಾಗಿ ದೊರೆಯುವಂತೆ ಮಾಡಿದಾಗ ರೋಗ ಹತೋಟಿಗೆ ಬಂದಿತು.

ಔಷಧಿಗಳಿಗೆ ಅಡ್ಡಪರಿಣಾಮಗಳಿರುವುದು ನಿಜ. ಫಿನೋಬಾರ್ಬಿಟೋನ್‌ನಿಂದ ಕೆಲವು ಮಕ್ಕಳಿಗೆ ಮಂಪರು ಕವಿಯುತ್ತದೆ, ಮತ್ತೆ ಕೆಲವರಲ್ಲಿ ಚಂಚಲತೆ ಹೆಚ್ಚುತ್ತದೆ. ಫೆನಿಟಾಯಿನ್‌ನಿಂದ ಒಸಡು ಊದಿಕೊಳ್ಳುತ್ತದೆ. ವಾಲ್ಪ್ರೋಯೇಟ್‌ನಿಂದ ತೂಕ ಹೆಚ್ಚಬಹುದು, ಕೂದಲು ಉದುರಬಹುದು, ಅಪರೂಪವಾಗಿ ಯಕೃತ್ತಿಗೆ ಹಾನಿಯಾಗಬಹುದು; ಗರ್ಭಿಣಿಯು ಸೇವಿಸಿದರೆ ಗರ್ಭದ ಶಿಶುವಿಗೆ ಅಪಾಯವಿರುವುದರಿಂದ ಹೆಣ್ಣುಮಕ್ಕಳು ಪ್ರಾಯಕ್ಕೆ ಬರುವ ವೇಳೆಗೆ ಈ ವಿಷಯವನ್ನು ವೈದ್ಯರೊಡನೆ ಚರ್ಚಿಸಬೇಕು. ಲೆವೆಟಿರಾಸೆಟಾಮ್‌ನಿಂದ ಸಿಡುಕು ಬರಬಹುದು. ಮಗು ಓದಿನಲ್ಲಿ ಹಿಂದೆ ಬಿದ್ದಾಗ ಅದು ರೋಗದಿಂದಲೋ ಔಷಧಿಯಿಂದಲೋ ಎಂಬುದನ್ನು ವೈದ್ಯರು ನಿರ್ಣಯಿಸಿ ಪ್ರಮಾಣವನ್ನೋ ಔಷಧಿಯನ್ನೋ ಬದಲಿಸಬಲ್ಲರು. ತಂದೆತಾಯಿಗಳು ತಾವಾಗಿ ಮಾತ್ರೆ ನಿಲ್ಲಿಸುವುದು ಅತ್ಯಂತ ಅಪಾಯಕಾರಿ. ಹಠಾತ್ತನೆ ನಿಲ್ಲಿಸಿದರೆ ಬಿಡದೆ ಬರುವ ಸೆಳವಿನಿಂದ ಪ್ರಾಣಕ್ಕೇ ಸಂಚಕಾರ ಬರಬಹುದು. ಸಾಮಾನ್ಯವಾಗಿ ಕನಿಷ್ಠ 2 ವರ್ಷ ಸೆಳವಿಲ್ಲದೆ ಕಳೆದ ಮೇಲೆ, ಮಗುವಿನ ಸ್ಥಿತಿಯನ್ನು ನೋಡಿ, ವೈದ್ಯರು ಔಷಧಿಯನ್ನು ಮೆಲ್ಲಮೆಲ್ಲನೆ ಇಳಿಸುತ್ತಾರೆ. ಜೀವಮಾನವಿಡೀ ಮಾತ್ರೆ ನುಂಗಬೇಕೆಂಬ ಭಯ ಬಹಳಷ್ಟು ಮಕ್ಕಳ ವಿಷಯದಲ್ಲಿ ನಿರಾಧಾರವಾದುದು.

ಸೂಕ್ತವಾದ ಎರಡು ಔಷಧಿಗಳನ್ನು ಸರಿಯಾಗಿ ಬಳಸಿದರೂ ಸೆಳವು ನಿಲ್ಲದ ಮಕ್ಕಳನ್ನು ವಿಶೇಷ ಕೇಂದ್ರಗಳಿಗೆ ಕರೆದೊಯ್ಯಬೇಕು. ಕೊಬ್ಬು ಹೆಚ್ಚಾಗಿ, ಪಿಷ್ಟ ಅತಿ ಕಡಿಮೆಯಾಗಿರುವ ಕೀಟೋಜೆನಿಕ್ ಪಥ್ಯವು 1921ರಿಂದಲೂ ತಿಳಿದಿರುವ ಚಿಕಿತ್ಸೆ. ಇದನ್ನು ತಜ್ಞರ ಮೇಲ್ವಿಚಾರಣೆಯಲ್ಲಿ ಮಾತ್ರ ನಡೆಸಬೇಕು. ಶಸ್ತ್ರಚಿಕಿತ್ಸೆಯ ಬಗ್ಗೆ ನವದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ 116 ಮಕ್ಕಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಶೇಕಡ 77ರಷ್ಟು ಮಕ್ಕಳು ಸೆಳವಿನಿಂದ ಮುಕ್ತರಾಗಿದ್ದರೆ ಔಷಧಿಯೊಂದನ್ನೇ ಪಡೆದವರಲ್ಲಿ ಈ ಪ್ರಮಾಣ ಶೇಕಡ 7 ಮಾತ್ರ. ಶಸ್ತ್ರಚಿಕಿತ್ಸೆ ಪಡೆದ ಸುಮಾರು ಮೂರನೆಯ ಒಂದು ಭಾಗ ಮಕ್ಕಳಲ್ಲಿ ಕೈಕಾಲಿನ ಬಲಹೀನತೆಯೇ ಮೊದಲಾದ ಗಂಭೀರ ತೊಂದರೆಗಳೂ ಕಂಡುಬಂದವು. ಆದಕಾರಣ ಲಾಭನಷ್ಟಗಳನ್ನು ತಿಳಿದು ನಿರ್ಧಾರ ಕೈಗೊಳ್ಳಬೇಕು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಗಳಲ್ಲಿಯೂ ಈ ಸೌಲಭ್ಯವಿದೆ.

ಮನೆ ಮತ್ತು ಶಾಲೆ

ಮಗುವಿಗೆ ಸೆಳವು ಬಂದ ದಿನದಿಂದ ತಾಯಿಯ ನಿದ್ರೆ ಕೆಡುತ್ತದೆ. ಆಕೆ ಕೆಲಸಕ್ಕೆ ಹೋಗುವವಳಾದರೆ ಕೆಲಸ ಬಿಡುವ ಯೋಚನೆ ಬರುತ್ತದೆ. ‘ಯಾರ ಕಡೆಯಿಂದ ಬಂದ ರೋಗ’ ಎಂಬ ಪ್ರಶ್ನೆ ಎದ್ದು ಗಂಡಹೆಂಡಿರ ನಡುವೆ ಬಿರುಕು ಮೂಡುವುದೂ ಉಂಟು. ಎಲ್ಲರ ಲಕ್ಷ್ಯವೂ ಒಂದೇ ಮಗುವಿನ ಮೇಲಿರುವುದರಿಂದ ಒಡಹುಟ್ಟಿದವರು ಮೌನವಾಗಿ ಸೊರಗುತ್ತಾರೆ. ಅತಿಯಾದ ಭಯದಿಂದ ಮಗುವನ್ನು ಆಟಕ್ಕೂ ಪ್ರವಾಸಕ್ಕೂ ಬಿಡದಿದ್ದರೆ ಅದರ ಆತ್ಮವಿಶ್ವಾಸ ಕುಂದುತ್ತದೆ. ನೀರಿನ ಬಳಿ, ಎತ್ತರದಲ್ಲಿ, ಬೆಂಕಿಯ ಹತ್ತಿರ ಮತ್ತು ವಾಹನಸಂಚಾರದ ರಸ್ತೆಯಲ್ಲಿ ಎಚ್ಚರ ವಹಿಸಿದರೆ ಉಳಿದ ಆಟಪಾಠಗಳಿಗೆ ಅಡ್ಡಿಯಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರಿಗೂ ತರಗತಿಯ ಶಿಕ್ಷಕರಿಗೂ ವಿಷಯ ತಿಳಿಸಿ, ಪ್ರಥಮ ಚಿಕಿತ್ಸೆಯ ಕ್ರಮವನ್ನು ಬರೆದುಕೊಡಬೇಕು.

ಕರ್ನಾಟಕದಿಂದ ದೂರವಿರುವ ಕುಟುಂಬಗಳಿಗೆ ಇನ್ನೂ ಕೆಲವು ತೊಡಕುಗಳಿವೆ. ವೈದ್ಯರಿಗೆ ರೋಗದ ವಿವರವನ್ನು ಬೇರೆ ಭಾಷೆಯಲ್ಲಿ ಹೇಳಬೇಕಾಗುತ್ತದೆ. ಇದೇ ರೋಗವನ್ನು ಹಿಂದಿಯಲ್ಲಿ ‘ಮಿರ್ಗಿ’, ಮರಾಠಿಯಲ್ಲಿ ‘ಫೇಫರೆ’, ತಮಿಳಿನಲ್ಲಿ ‘ವಲಿಪ್ಪು’, ತೆಲುಗಿನಲ್ಲಿ ‘ಮೂರ್ಛ’ ಎನ್ನುತ್ತಾರೆ. ಸೆಳವು ಬಂದ ದಿನ, ಹೊತ್ತು, ಅವಧಿ, ತಪ್ಪಿದ ಮಾತ್ರೆ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸಾಧ್ಯವಾದರೆ ಸೆಳವನ್ನು ಮೊಬೈಲ್‌ನಲ್ಲಿ ಚಿತ್ರಿಸಿ ತೋರಿಸಬೇಕು. ಭಾಷೆ ಸಾಲದ ಕಡೆ ಆ ಚಿತ್ರವೇ ವೈದ್ಯರಿಗೆ ನೆರವಾಗುತ್ತದೆ. ಊರಿಗೆ ಹೊರಡುವಾಗ ರಜೆಯ ದಿನಗಳಿಗಿಂತ ಹೆಚ್ಚು ದಿನಗಳಿಗೆ ಸಾಲುವಷ್ಟು ಮಾತ್ರೆಯನ್ನೂ ವೈದ್ಯರ ಚೀಟಿಯನ್ನೂ ಕೈಚೀಲದಲ್ಲೇ ಒಯ್ಯಬೇಕು. ರೈಲಿನ ಪ್ರಯಾಣ, ಮದುವೆಮನೆಯ ಗದ್ದಲ, ನಿದ್ರೆಗೇಡು ಮತ್ತು ತಪ್ಪಿದ ಒಂದೆರಡು ಮಾತ್ರೆ ಸೇರಿದರೆ ಹತೋಟಿಯಲ್ಲಿದ್ದ ಸೆಳವು ಮರಳಬಹುದು. ಜೊತೆಗೆ, ಮಗುವನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರಿಗೆ ವಿಷಯ ತಿಳಿದಿರಲೇಬೇಕು.

ಸೆಳವು ಬಂದಾಗ

ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಕೊರಳಿನ ಗುಂಡಿಯನ್ನು ಸಡಿಲಿಸಿ, ಹತ್ತಿರದ ಗಡುಸು ವಸ್ತುಗಳನ್ನು ಸರಿಸಿ, ಗಡಿಯಾರ ನೋಡಿಕೊಳ್ಳಬೇಕು. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿಯ ವಾಸನೆ ತೋರಿಸುವುದು ನಿಷ್ಪ್ರಯೋಜಕ. ಹಲ್ಲುಗಳ ನಡುವೆ ಚಮಚ ತುರುಕುವುದು, ನೀರು ಕುಡಿಸುವುದು, ಕೈಕಾಲು ಅದುಮಿ ಹಿಡಿಯುವುದು ಹಾನಿಕರ. ಬಹುತೇಕ ಸೆಳವುಗಳು ಕೆಲವು ನಿಮಿಷಗಳಲ್ಲಿ ತಾವಾಗಿ ನಿಲ್ಲುತ್ತವೆ. 5 ನಿಮಿಷ ಮೀರಿದರೆ, ಪ್ರಜ್ಞೆ ಬರುವ ಮೊದಲೇ ಮತ್ತೆ ಬಂದರೆ, ಅಥವಾ ಇದು ಮೊದಲ ಸೆಳವಾಗಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಔಷಧಿಯನ್ನು ಮನೆಯಲ್ಲಿಟ್ಟುಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಬಹುದು.

ಕಾನೂನು ಮತ್ತು ಸಮಾಜ

1976ರ ತಿದ್ದುಪಡಿಯ ಅನಂತರ ಹಿಂದೂ ವಿವಾಹ ಅಧಿನಿಯಮದಲ್ಲಿಯೂ ವಿಶೇಷ ವಿವಾಹ ಅಧಿನಿಯಮದಲ್ಲಿಯೂ ಪದೇ ಪದೇ ಬರುವ ಮೂರ್ಛೆಯು ಮದುವೆಗೆ ಅಡ್ಡಿಯೆಂದು ನಮೂದಾಗಿತ್ತು. ಸಂಸತ್ತು 1999ರಲ್ಲಿ ಮಾಡಿದ ತಿದ್ದುಪಡಿಯಿಂದ ಆ ಮಾತನ್ನು ತೆಗೆದುಹಾಕಲಾಯಿತು. ಕಾನೂನಿನಲ್ಲಿ ಅಳಿಸಿಹೋದ ಕಳಂಕ ಸಮಾಜದಲ್ಲಿ ಇನ್ನೂ ಉಳಿದಿದೆ. ಹೆಣ್ಣುಮಗುವಿನ ಮದುವೆಯ ಚಿಂತೆಯಿಂದ ರೋಗವನ್ನು ಬಚ್ಚಿಟ್ಟಾಗ ಗಂಡನ ಮನೆಯಲ್ಲಿ ಆಕೆ ಮಾತ್ರೆಯನ್ನು ಕದ್ದು ನುಂಗಬೇಕಾಗುತ್ತದೆ ಅಥವಾ ಬಿಟ್ಟೇಬಿಡಬೇಕಾಗುತ್ತದೆ. ವಿಷಯವನ್ನು ಮೊದಲೇ ತಿಳಿಸಿ ನಡೆಸುವ ಸಂಬಂಧವೇ ಆಕೆಯ ಪ್ರಾಣಕ್ಕೂ ಮಾನಕ್ಕೂ ಕ್ಷೇಮ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಲ್ಲಿಯೂ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿಯೂ ನಡೆಯುವ ಮಕ್ಕಳ ತಪಾಸಣೆಯಲ್ಲಿ ಸೆಳವಿನ ರೋಗಗಳೂ ಸೇರಿವೆ. ತಪಾಸಣೆಯ ತಂಡ ಬಂದಾಗ ಮಗುವಿಗೆ ಸೆಳವು ಬರುವ ಸಂಗತಿಯನ್ನು ಮರೆಮಾಚದೆ ತಿಳಿಸಬೇಕು. ಪ್ರತಿ ವರ್ಷ ನವೆಂಬರ್ 17ನ್ನು ದೇಶದಲ್ಲಿ ರಾಷ್ಟ್ರೀಯ ಮೂರ್ಛೆರೋಗ ದಿನವಾಗಿ ಆಚರಿಸಲಾಗುತ್ತಿದೆ. ದೇಶದ ನಾನಾ ನಗರಗಳಲ್ಲಿರುವ ಕನ್ನಡ ಸಂಘಗಳು ಅಂದು ಒಬ್ಬ ವೈದ್ಯರನ್ನು ಕರೆಸಿ, ಪ್ರಥಮ ಚಿಕಿತ್ಸೆಯನ್ನು ಮಾಡಿ ತೋರಿಸುವ ಏರ್ಪಾಡು ಮಾಡಿದರೆ, ಮಗುವಿನ ರೋಗವನ್ನು ಇದುವರೆಗೆ ಯಾರಿಗೂ ಹೇಳದಿದ್ದ ತಂದೆತಾಯಿಗಳಿಗೆ ಬಾಯಿಬಿಟ್ಟು ಕೇಳಲು ಒಂದು ಎಡೆ ದೊರೆತಂತಾಗುತ್ತದೆ.