ಮನಸ್ಸಿಗೆ ಸೂಜಿ ಚುಚ್ಚಿದರೆ ಸತ್ಯ ಸುರಿಯುವುದೇ?

(ಗಿರಣಿ ಕಾರ್ಮಿಕರು ಮತ್ತು ವರ್ತಕರು ಸೇರಿದ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಮನಶ್ಶಾಸ್ತ್ರದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೂಟದವರು ಕೇಳಿದ್ದಾರೆ. ಅದು ಹೊಟ್ಟೆ ತುಂಬಿದವರ ಕಾಲಹರಣದ ವಿಷಯ, ಪಾಳಿ ಮುಗಿಸಿ ಬಂದವನಿಗೂ ಗಲ್ಲಾ ಎಣಿಸಿ ಬಾಗಿಲು ಹಾಕಿದವನಿಗೂ ಅದರಿಂದ ಆಗಬೇಕಾದ್ದೇನು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಗಿರಣಿಯ ಉಗ್ರಾಣದಲ್ಲಿ ನೂಲು ಕಡಮೆ ಬಂದ ದಿನ, ಅಂಗಡಿಯ ಗಲ್ಲಾದಲ್ಲಿ ಹಣ ಕಾಣದ ದಿನ, ಮೊದಲು ಠಾಣೆಗೆ ಕರೆಸಿಕೊಳ್ಳುವುದು ಯಾರನ್ನು? ಮ್ಯಾನೇಜರರನ್ನಲ್ಲ. ಮೂಟೆ ಹೊತ್ತವನನ್ನು, ಕಸ ಗುಡಿಸಿದವಳನ್ನು, ಅಂಗಡಿಯ ಹುಡುಗನನ್ನು. ಅಲ್ಲಿ ಅವರ ಎದುರಿಗೆ ಕುಳಿತವರಿಗೆ ಇರುವ ಚಿಂತೆ ಒಂದೇ: ಇವರ ಮನಸ್ಸಿನೊಳಗಿರುವುದನ್ನು ಹೊರಕ್ಕೆ ತೆಗೆಯುವುದು ಹೇಗೆ? ಈ ಪ್ರಶ್ನೆಗೆ ವಿಜ್ಞಾನ ಕೊಟ್ಟಿರುವ ಉತ್ತರವೇನು, ವಿಜ್ಞಾನದ ಹೆಸರು ಹೇಳಿಕೊಂಡು ಬಂದ ಉತ್ತರವೇನು, ಎರಡನ್ನೂ ಬೇರೆ ಬೇರೆ ಮಾಡಿ ನೋಡೋಣ. ಇದು ನಮ್ಮ ಹೊಟ್ಟೆಗೂ ಮಾನಕ್ಕೂ ಸಂಬಂಧಿಸಿದ ವಿಷಯ.

ಪ್ರಶ್ನೆ ಹಳೆಯದು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂದು ಐದು ದಿವ್ಯಗಳನ್ನು ಹೇಳಿದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ಹೆಸರಾಂತ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಇವಲ್ಲದೆ ಅಕ್ಕಿಯ ದಿವ್ಯವೂ ಇತ್ತು. ಕಳವಿನ ಅನುಮಾನ ಬಂದವನ ಬಾಯಿಗೆ ಅಕ್ಕಿ ಹಾಕಿ ಅಗಿಸಿ ಉಗುಳಿಸುವುದು. ತಪ್ಪು ಮಾಡಿದವನ ಬಾಯಿ ಭಯದಿಂದ ಒಣಗುತ್ತದೆ, ಅಕ್ಕಿ ಒಣಗಿದಂತೆಯೇ ಬೀಳುತ್ತದೆ ಎಂಬ ತರ್ಕ. ಇದರಲ್ಲಿ ಅರ್ಧ ನಿಜವಿದೆ. ಹೆದರಿದಾಗ ಜೊಲ್ಲು ಆರುವುದು ನಿಜ. ಆದರೆ ತಪ್ಪು ಮಾಡದವನು ಹೆದರುವುದಿಲ್ಲವೆಂದು ಯಾರು ಹೇಳಿದರು? ಸುತ್ತ ಹತ್ತು ಜನ ನಿಂತು “ಇವನೇ ಕಳ್ಳ” ಎನ್ನುವಾಗ ನಿರಪರಾಧಿಯ ಬಾಯಿ ಮೊದಲು ಒಣಗುತ್ತದೆ. ಪಳಗಿದ ಕಳ್ಳ ಅಕ್ಕಿಯನ್ನು ನುಣ್ಣಗೆ ಅಗಿದು ಉಗುಳಿಯಾನು!

ಈಗ ಯಂತ್ರಕ್ಕೆ ಬನ್ನಿ. 1921ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ಊರಿನ ಪೋಲೀಸು ಇಲಾಖೆಯಲ್ಲಿದ್ದ ಜಾನ್ ಲಾರ್ಸನ್ ಎಂಬಾತ ರಕ್ತದ ಒತ್ತಡವನ್ನೂ ಉಸಿರಾಟವನ್ನೂ ಒಟ್ಟಿಗೆ ಬರೆದಿಡುವ ಯಂತ್ರ ಕಟ್ಟಿದ. ಮುಂದೆ ಅದಕ್ಕೆ ಅಂಗೈ ಬೆವರಿನ ಲೆಕ್ಕವೂ ಸೇರಿತು. ಇದೇ ಪಾಲಿಗ್ರಾಫ್, ಪತ್ರಿಕೆಗಳ ಭಾಷೆಯಲ್ಲಿ ಸುಳ್ಳು ಪತ್ತೆ ಯಂತ್ರ. ಹೆಸರು ಮೋಸಗೊಳಿಸುತ್ತದೆ. ಸುಳ್ಳನ್ನು ಅಳೆಯುವ ಮುಳ್ಳು ಅದರಲ್ಲಿ ಒಂದೂ ಇಲ್ಲ. ಅದು ಅಳೆಯುವುದು ಎದೆಯ ಬಡಿತ, ಉಸಿರು, ಬೆವರು. ಅಕ್ಕಿಯ ದಿವ್ಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ವಿದ್ಯುತ್ತಿನದು ಮಾತ್ರ. ಇದರ ಪೂರ್ವಜನಂತಿದ್ದ ಒಂದು ಪರೀಕ್ಷೆಯನ್ನು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 1923ರಲ್ಲಿಯೇ ತಳ್ಳಿಹಾಕಿತು. 1988ರಲ್ಲಿ ಅಮೆರಿಕದ ಸಂಸತ್ತು ಒಂದು ಕಾಯಿದೆ ಮಾಡಿ, ಬಹುಪಾಲು ಖಾಸಗಿ ಮಾಲೀಕರು ಕೆಲಸಗಾರರನ್ನು ಈ ಯಂತ್ರಕ್ಕೆ ಕೂರಿಸಕೂಡದೆಂದು ನಿಷೇಧಿಸಿತು. ಯಂತ್ರ ಹುಟ್ಟಿದ ದೇಶದಲ್ಲಿಯೇ ಅದನ್ನು ಕಾರ್ಮಿಕನಿಂದ ದೂರ ಇಡಬೇಕಾಯಿತೆಂಬುದನ್ನು ನೆನಪಿಡಿ.

ಯಂತ್ರದ ನಂತರ ಸೂಜಿ. ಟೆಕ್ಸಾಸಿನ ರಾಬರ್ಟ್ ಹೌಸ್ ಎಂಬ ಹೆರಿಗೆ ವೈದ್ಯ, ಸ್ಕೋಪೊಲಮಿನ್ ಎಂಬ ಔಷಧಿ ಕೊಟ್ಟ ಬಾಣಂತಿಯರು ಅರೆಮಂಪರಿನಲ್ಲಿಯೂ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದನ್ನು ಕಂಡ. 1922ರಲ್ಲಿ ಅದನ್ನು ಡಲ್ಲಾಸ್ ಜೈಲಿನ ಇಬ್ಬರು ಕೈದಿಗಳ ಮೇಲೆ ಪ್ರಯೋಗಿಸಿದ. ಅಲ್ಲಿಂದ “ಸತ್ಯದ ಔಷಧಿ” ಎಂಬ ಮಾತು ಜಗತ್ತಿನಲ್ಲೆಲ್ಲ ಓಡಾಡಿತು. ಮುಂದೆ ಅದರ ಜಾಗಕ್ಕೆ ಶಸ್ತ್ರಚಿಕಿತ್ಸೆಯಲ್ಲಿ ಪ್ರಜ್ಞೆ ತಪ್ಪಿಸುವ ಸೋಡಿಯಂ ಪೆಂಟೋಥಾಲ್ ಬಂತು. ಇದನ್ನು ಸಿರೆಗೆ ಸ್ವಲ್ಪಸ್ವಲ್ಪವಾಗಿ ಹರಿಸಿ, ಪೂರ್ತಿ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಸ್ಥಿತಿಯಲ್ಲಿ ಪ್ರಶ್ನೆ ಕೇಳುವುದೇ ನಾರ್ಕೋ ಪರೀಕ್ಷೆ. ಪ್ರಮಾಣ ಮೀರಿದರೆ ಉಸಿರೇ ನಿಲ್ಲಬಹುದು.

ಈ ಔಷಧಿ ಮಾಡುವ ಕೆಲಸವೇನು? ನಾಲಗೆಯ ಬಿಗಿ ಸಡಿಲಿಸುತ್ತದೆ. ಮಾತು ಹೆಚ್ಚುತ್ತದೆ, ಸತ್ಯ ಹೆಚ್ಚಬೇಕೆಂದಿಲ್ಲ. ಹೆಂಡ ಕುಡಿದವನು ಬಹಳ ಮಾತನಾಡುತ್ತಾನೆ; ಅದರಲ್ಲಿ ನಿಜವೂ ಇರುತ್ತದೆ, ಬಡಾಯಿಯೂ ಇರುತ್ತದೆ, ಕನಸೂ ಇರುತ್ತದೆ. ಅದನ್ನು ಸಾಕ್ಷಿಯೆಂದು ಯಾವ ಪಂಚಾಯತಿಯೂ ಒಪ್ಪುವುದಿಲ್ಲ. 1951ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಒಂಬತ್ತು ಜನರ ಮೇಲೆ ಇದೇ ಜಾತಿಯ ಮದ್ದಿನಿಂದ ಪರೀಕ್ಷೆ ನಡೆಸಿದರು. ಪ್ರತಿಯೊಬ್ಬರೂ ಮೊದಲೇ ಒಂದು ಸುಳ್ಳು ಕಥೆ ಕಟ್ಟಿಕೊಂಡಿದ್ದರು. ಮನಸ್ಸು ಗಟ್ಟಿ ಇದ್ದವರು ಮದ್ದು ಏರಿದಾಗಲೂ ಆ ಸುಳ್ಳನ್ನೇ ಹಿಡಿದು ನಿಂತರು. ತಮ್ಮನ್ನೇ ತಾವು ಹಳಿದುಕೊಳ್ಳುವ, ನೊಂದ ಸ್ವಭಾವದವರು ಬೇಗ ಒಪ್ಪಿಕೊಂಡರು. ಮಾಡದ ತಪ್ಪನ್ನೂ ಮಾಡಿದೆವೆಂದು ಒಪ್ಪಿಕೊಂಡರು! ಅಂದರೆ ಈ ಸೂಜಿ ಗಟ್ಟಿಗನನ್ನು ಬಿಡುತ್ತದೆ, ಬಡಪಾಯಿಯನ್ನು ಹಿಡಿಯುತ್ತದೆ.

ಇದೆಲ್ಲ ಹೊರದೇಶದ ಮಾತೆಂದು ತಿಳಿಯಬೇಡಿ. ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ನಮ್ಮ ಬೆಂಗಳೂರು ನಾರ್ಕೋ ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಬೇರೆ ರಾಜ್ಯಗಳಿಂದಲೂ ಆಪಾದಿತರನ್ನು ಇಲ್ಲಿಗೆ ತಂದು ಚುಚ್ಚಿಸುತ್ತಿದ್ದರು. ಮಂಪರಿನಲ್ಲಿ ಮಾತನಾಡುವ ಮನುಷ್ಯರ ಚಿತ್ರಗಳು ಟೆಲಿವಿಷನ್ನಿನಲ್ಲಿ ಬಂದವು, ವಿಚಾರಣೆಗೆ ಮೊದಲೇ ಜನ ತೀರ್ಪು ಕೊಟ್ಟರು. ಇದರ ಜೊತೆಗೆ ತಲೆಗೆ ತಂತಿ ಕಟ್ಟಿ ಮಿದುಳಿನ ವಿದ್ಯುತ್ ಅಲೆಗಳನ್ನು ನೋಡುವ ಬ್ರೇನ್ ಮ್ಯಾಪಿಂಗ್ ಬಂತು. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಇಂಥ ಪರೀಕ್ಷೆಯ ವರದಿಯನ್ನೂ ಪರಿಗಣಿಸಿ ಒಬ್ಬ ತರುಣಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ, ಈ ಮಿದುಳಿನ ಪರೀಕ್ಷೆಗೆ ತಕ್ಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು ಹೇಳಿತು. ಗಮನಿಸಿ: ತಡೆದವರೂ ಮನಸ್ಸಿನ ವೈದ್ಯಕೀಯ ಬಲ್ಲವರೇ.

ಕೊನೆಗೆ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದು ಹೋದದ್ದೂ ನಮ್ಮ ರಾಜ್ಯದ ಹೆಸರಿನಲ್ಲಿಯೇ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರಿದ್ದ ಮೂವರ ಪೀಠ ತೀರ್ಪು ಕೊಟ್ಟಿತು. ಸೂಜಿಯಾಗಲಿ, ಸುಳ್ಳು ಪತ್ತೆ ಯಂತ್ರವಾಗಲಿ, ಮಿದುಳಿನ ಪರೀಕ್ಷೆಯಾಗಲಿ, ಯಾರ ಮೇಲೂ ಬಲವಂತವಾಗಿ ಮಾಡಕೂಡದು. ಸಂವಿಧಾನದ 20(3)ನೆಯ ಅನುಚ್ಛೇದ ಆಪಾದಿತನನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳೆಂದು ಒತ್ತಾಯಿಸುವುದನ್ನು ನಿಷೇಧಿಸುತ್ತದೆ. 21ನೆಯ ಅನುಚ್ಛೇದ ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಕಾಯುತ್ತದೆ. ತಾನಾಗಿ ಒಪ್ಪಿದವನ ಒಪ್ಪಿಗೆ ಕೂಡ ವಕೀಲರ ಸಲಹೆ ಪಡೆದು ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು; ಹಾಗೆ ನಡೆದ ಪರೀಕ್ಷೆಯ ಮಾತು ಸಹ ತಾನೇ ಸಾಕ್ಷಿಯಾಗುವುದಿಲ್ಲ. ಅದರಿಂದ ಮುಂದೆ ವಸ್ತುವೇನಾದರೂ ಸಿಕ್ಕರೆ ಅದನ್ನು ನ್ಯಾಯಾಲಯ ನೋಡಬಹುದು, ಅಷ್ಟೆ. 2025ರ ಜೂನಿನಲ್ಲಿ ಸುಪ್ರೀಂ ಕೋರ್ಟು ಬಿಹಾರದ ಒಂದು ಮೊಕದ್ದಮೆಯಲ್ಲಿ ಬಲವಂತದ ನಾರ್ಕೋ ಸಲ್ಲದೆಂದು ಮತ್ತೆ ಹೇಳಿತು.

ಇಲ್ಲಿ ಯಾರಾದರೂ ಕೇಳಬಹುದು: ಹೊಡೆತವೂ ಇಲ್ಲ, ಸೂಜಿಯೂ ಇಲ್ಲ, ಬರೀ ಪ್ರಶ್ನೆ ಕೇಳಿದರು, ಅವನೇ ಒಪ್ಪಿಕೊಂಡ. ಮಾಡದವನು ಒಪ್ಪಿಕೊಳ್ಳುತ್ತಾನೆಯೇ? ಒಪ್ಪಿಕೊಳ್ಳುತ್ತಾನೆ. ನ್ಯಾಯಕ್ಕೆ ಮನಶ್ಶಾಸ್ತ್ರ ಕಲಿಸಿದ ದೊಡ್ಡ ಪಾಠ ಇದು. ಅಮೆರಿಕದಲ್ಲಿ 1992ರಲ್ಲಿ ಆರಂಭವಾದ ಇನ್ನೊಸೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ, ಡಿಎನ್ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾಗಿ ಬಿಡುಗಡೆಯಾದ 375 ಜನರ ಲೆಕ್ಕವಿಟ್ಟಿದೆ. ಅವರಲ್ಲಿ ಶೇಕಡ 29ರಷ್ಟು ಪ್ರಕರಣಗಳಲ್ಲಿ ಸುಳ್ಳು ತಪ್ಪೊಪ್ಪಿಗೆ ಸೇರಿತ್ತು. 1985ರಲ್ಲಿ ಕ್ಯಾಸಿನ್ ಮತ್ತು ರೈಟ್ಸ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಇಂಥ ಒಪ್ಪಿಗೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಒಂದು, ಯಾರೂ ಕೇಳದೆ ತಾನೇ ಬಂದು ಒಪ್ಪಿಕೊಳ್ಳುವುದು: ಮಗನನ್ನು ಉಳಿಸಲು ತಂದೆ ಒಪ್ಪಿದಂತೆ. ಎರಡು, ಈ ಸಂಕಟ ಮುಗಿದರೆ ಸಾಕೆಂದು ಒಪ್ಪಿಕೊಳ್ಳುವುದು: “ಹೂಂ ಅಂದುಬಿಡು, ಮನೆಗೆ ಹೋಗು” ಎಂದವರನ್ನು ನಂಬಿ. ಮೂರನೆಯದು ಎಲ್ಲಕ್ಕಿಂತ ಭಯಂಕರ. ನಿದ್ದೆಗೆಟ್ಟು, ಗೊಂದಲಗೊಂಡು, ನಾನೇ ಮಾಡಿರಬಹುದೇನೋ ಎಂದು ಆ ಮನುಷ್ಯ ನಿಜವಾಗಿ ನಂಬಿಬಿಡುವುದು.

ಹೀಗಾಗುವುದು ಹೇಗೆ? ನೆನಪಿನ ಸ್ವಭಾವವೇ ಹಾಗೆ. ಖಾತೆ ಪುಸ್ತಕದಲ್ಲಿ ಬರೆದ ಅಂಕಿ ನಾಳೆಯೂ ಅದೇ ಅಂಕಿ. ನೆನಪನ್ನು ಮಾತ್ರ ನಾವು ತೆರೆದಾಗಲೆಲ್ಲ ಮತ್ತೆ ಹೊಸದಾಗಿ ಬರೆಯುತ್ತೇವೆ, ಬರೆಯುವಾಗ ಪಕ್ಕದವರ ಮಾತೂ ಸೇರಿಕೊಳ್ಳುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಪಾಮರ್ ಎಂಬವರು ವಿದ್ಯಾರ್ಥಿಗಳಿಗೆ ಮೋಟಾರು ಅಪಘಾತದ ಒಂದು ಸಿನಿಮಾ ತೋರಿಸಿದರು. 50 ಜನರಿಗೆ “ಕಾರುಗಳು ಒಂದಕ್ಕೊಂದು ತಾಗಿದಾಗ ವೇಗವೆಷ್ಟಿತ್ತು” ಎಂದು ಕೇಳಿದರು. ಇನ್ನು 50 ಜನರಿಗೆ “ಅಪ್ಪಳಿಸಿ ನುಚ್ಚಾದಾಗ ವೇಗವೆಷ್ಟಿತ್ತು” ಎಂದು ಕೇಳಿದರು. ಒಂದು ವಾರ ಬಿಟ್ಟು, ಗಾಜು ಒಡೆದದ್ದನ್ನು ನೋಡಿದಿರಾ ಎಂದರು. ಮೊದಲ ಗುಂಪಿನಲ್ಲಿ 7 ಜನ, ಎರಡನೆಯದರಲ್ಲಿ 16 ಜನ ನೋಡಿದೆವೆಂದರು. ಸಿನಿಮಾದಲ್ಲಿ ಗಾಜು ಒಡೆದಿರಲೇ ಇಲ್ಲ! ಇವರಾರೂ ಸುಳ್ಳುಗಾರರಲ್ಲ. ಪ್ರಶ್ನೆಯ ಒಂದು ಶಬ್ದ ಅವರ ನೆನಪಿನೊಳಗೆ ಹೋಗಿ ಗಾಜು ಒಡೆಯಿತು. ಬಿಡುಗಡೆಯಾದವರೆಂದು ಆಗಲೇ ಹೇಳಿದೆನಲ್ಲ, ಅವರ ಪ್ರಕರಣಗಳಲ್ಲಿ ಶೇಕಡ 69ರಷ್ಟರಲ್ಲಿ ಕಣ್ಣಾರೆ ಕಂಡೆವೆಂದವರು ತಪ್ಪು ಮನುಷ್ಯನನ್ನು ಗುರುತಿಸಿದ್ದರು.

ಹಾಗಾದರೆ ಮನಶ್ಶಾಸ್ತ್ರವೇ ಬೇಡವೇ? ಬೇಕು, ಇನ್ನೂ ಹೆಚ್ಚಾಗಿ ಬೇಕು. ಪೆಂಟೋಥಾಲನ್ನೇ ತೆಗೆದುಕೊಳ್ಳಿ. ಎರಡನೆಯ ಮಹಾಯುದ್ಧದಲ್ಲಿ ಗ್ರಿಂಕರ್ ಮತ್ತು ಸ್ಪೀಗಲ್ ಎಂಬ ಅಮೆರಿಕದ ವೈದ್ಯರು, ಕಾಳಗದ ಭೀತಿಯಿಂದ ಮಾತು ಕಳೆದುಕೊಂಡ, ಕೈಕಾಲು ನಡುಗುತ್ತಿದ್ದ ಸೈನಿಕರಿಗೆ ಇದೇ ಮದ್ದನ್ನು ಕೊಟ್ಟು, ಅದುಮಿಟ್ಟ ದುಃಖವನ್ನು ಹೊರಗೆ ಬಿಡಿಸಿ ಚಿಕಿತ್ಸೆ ಮಾಡಿದರು. ಸೈನಿಕ ಹೇಳಿದ್ದು ನಡೆದ ಸಂಗತಿಯೋ ಕಂಡ ಕನಸೋ, ವೈದ್ಯನಿಗೆ ಎರಡೂ ಉಪಯೋಗ. ಅವನಿಗೆ ಬೇಕಾದದ್ದು ರೋಗಿಯ ನೋವಿನ ಬೇರು. ನ್ಯಾಯಾಧೀಶನಿಗೆ ಕನಸು ಉಪಯೋಗವಿಲ್ಲ. ಒಂದೇ ಮದ್ದು ವೈದ್ಯನ ಕೈಯಲ್ಲಿ ರೋಗಿಯ ಪರ, ಠಾಣೆಯ ಕೈಯಲ್ಲಿ ಅದೇ ಮನುಷ್ಯನ ವಿರುದ್ಧ.

ನ್ಯಾಯಾಲಯದಲ್ಲಿಯೂ ಮನಶ್ಶಾಸ್ತ್ರಕ್ಕೆ ಯೋಗ್ಯವಾದ ಸ್ಥಾನವಿದೆ. ತಾನು ಮಾಡುವುದೇನೆಂದೇ ತಿಳಿಯದಷ್ಟು ಬುದ್ಧಿ ಕೆಟ್ಟವನನ್ನು ದಂಡಿಸಕೂಡದೆಂಬ ನಿಯಮ ಇಂಗ್ಲೆಂಡಿನಲ್ಲಿ 1843ರಲ್ಲಿ ಸ್ಪಷ್ಟರೂಪ ಪಡೆದು, ನಮ್ಮ ದಂಡಸಂಹಿತೆಯ 84ನೆಯ ಕಲಮಾಗಿ, ಈಗ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಾಗಿ ಉಳಿದಿದೆ. ಅಂಥವನನ್ನು ದಿನಗಟ್ಟಲೆ ನೋಡಿ, ಮನೆಯವರನ್ನು ಕೇಳಿ, ಹಳೆಯ ಚಿಕಿತ್ಸೆಯ ಕಾಗದ ಓದಿ ಅಭಿಪ್ರಾಯ ಕೊಡುವುದು ಈ ಶಾಸ್ತ್ರದ ಕೆಲಸ. ಇದಕ್ಕೆ ಸಮಯ ಬೇಕು, ತಾಳ್ಮೆ ಬೇಕು. ಅರ್ಧ ದಿನದಲ್ಲಿ ಮೊಕದ್ದಮೆ ಮುಗಿಸಬೇಕೆನ್ನುವವರಿಗೆ ಇದು ರುಚಿಸುವುದಿಲ್ಲ. ಅವರಿಗೆ ಸೂಜಿ ಬೇಕು.

ಚಿಕಿತ್ಸೆಯ ಮನಶ್ಶಾಸ್ತ್ರವೂ ನಮ್ಮಿಂದ ದೂರದ್ದಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು, ಮರುವರ್ಷವೇ ಈ ವಿದ್ಯೆಯ ತರಬೇತಿ ಆರಂಭವಾಯಿತು. ಅದು 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಮನಸ್ಸಿನ ರೋಗಕ್ಕೆ ಔಷಧಿ ಕೊಡಬಹುದೆಂದು ಮಾಡಿ ತೋರಿಸಿದರು. 1996ರಲ್ಲಿ ಅದೇ ಮಾದರಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 23ನೆಯ ಕಲಮು ರೋಗಿಯ ಗುಟ್ಟನ್ನು ಕಾಯಬೇಕೆನ್ನುತ್ತದೆ. ಠಾಣೆಯಿಂದ ಬಂದವನು ರಾತ್ರಿ ಬೆಚ್ಚಿಬೀಳುತ್ತಿದ್ದರೆ, ಊಟ ಬಿಟ್ಟು ಮೂಲೆ ಹಿಡಿದರೆ, ದೆವ್ವ ಬಡಿದಿದೆಯೆಂದು ಹೇಳಬೇಡಿ. 14416 ಸಂಖ್ಯೆಗೆ ಟೆಲಿಫೋನು ಮಾಡಿ. 2022ರಿಂದ ಇರುವ ಈ ಟೆಲಿ-ಮಾನಸ್‌ಗೆ ಕಾಸು ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಮನೆಗೆ ಹೋಗಿ ಹೇಳಬೇಕಾದ ಮಾತುಗಳು. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷಿಯಲ್ಲ: ಹಿಂದೆ ಸಾಕ್ಷ್ಯ ಕಾಯಿದೆಯ 25ನೆಯ ಕಲಮು ಹೇಳುತ್ತಿದ್ದುದನ್ನು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮು ಹೇಳುತ್ತದೆ. ತನ್ನನ್ನೇ ಅಪರಾಧಿ ಮಾಡುವಂಥ ಪ್ರಶ್ನೆಗೆ ಉತ್ತರ ಕೊಡದಿರುವ ಹಕ್ಕು ಇದೆ. 1978ರಲ್ಲಿ ನಂದಿನಿ ಸತ್ಪತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಬಂಧಿಸಿದವನನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲರನ್ನು ಇಡಲು ಶಕ್ತಿಯಿಲ್ಲದಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಅದರ ಸಂಖ್ಯೆ 15100. “ತಪ್ಪು ಮಾಡಿಲ್ಲವಾದರೆ ಪರೀಕ್ಷೆಗೆ ಹೆದರುವುದೇಕೆ” ಎಂದು ಯಾರಾದರೂ ಕಾಗದ ಮುಂದಿಟ್ಟರೆ, ವಕೀಲರು ಬರಲಿ, ಮ್ಯಾಜಿಸ್ಟ್ರೇಟರ ಮುಂದೆ ಮಾತನಾಡುತ್ತೇನೆ ಎನ್ನಿ. ಬಡಿಗಲ್ಲಿಗೆ ನೋವಿಲ್ಲ, ಮನಸ್ಸಿಗೆ ಇದೆ. ಅದನ್ನು ಬಡಿದು ಆಕಾರ ಕೊಡುವುದು ಸುಲಭ.

ವರ್ತಕ ಬಂಧುಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ಗಲ್ಲಾದಲ್ಲಿ ಹಣ ತಪ್ಪಿದ ದಿನ ಅಂಗಡಿಯ ಹುಡುಗನ ಮುಖ ನೋಡಿ ಕಳ್ಳನೆಂದು ತೀರ್ಮಾನಿಸಬೇಡಿ, ಅಂಜನ ಹಾಕಿಸಬೇಡಿ. ಮುಖ ಬಾಡಿದ್ದು ಹೆದರಿಕೆಗೆ ಸಾಕ್ಷಿ, ಕಳವಿಗೆ ಸಾಕ್ಷಿಯಲ್ಲ. ಮೊದಲು ಲೆಕ್ಕವನ್ನು ಎರಡು ಸಲ ಕೂಡಿಸಿ. ಆಮೇಲೆ ಅವನನ್ನು ಕೂರಿಸಿಕೊಂಡು, ನೀರು ಕೊಟ್ಟು, ಮೆಲ್ಲಗೆ ಕೇಳಿ.