ಕರೆಯದೆ ಬಂದ ದಲ್ಲಾಳಿ

(ಶಿಡ್ಲಘಟ್ಟದಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಕೂಲಿಯ ದರದ ಬಗ್ಗೆಯಾಗಲಿ, ಗೂಡಿನ ಬೆಲೆಯ ಬಗ್ಗೆಯಾಗಲಿ ಮಾತನಾಡಲು ನಿಂತಿಲ್ಲ. ನಿಮ್ಮ ಜೇಬಿನಲ್ಲಿರುವ ಫೋನಿನ ಬಗ್ಗೆ ಮಾತನಾಡಲು ನಿಂತಿದ್ದೇನೆ. ಮೇಷ್ಟ್ರು ದಾರಿ ತಪ್ಪಿದರು ಎಂದು ನಗಬೇಡಿ. ಕೊನೆಯವರೆಗೂ ಕೇಳಿ, ಆಮೇಲೂ ನಗಬೇಕೆನಿಸಿದರೆ ನಗುವಿರಂತೆ.

ಈಚೆಗೆ ಚಿಂತಾಮಣಿಯ ಒಬ್ಬ ಕಿರಾಣಿ ಅಂಗಡಿಯವರು ನನ್ನ ಬಳಿ ಬಂದರು. ಜಿ.ಎಸ್.ಟಿ. ಕಾಗದಗಳನ್ನು ಒಂದಾಗಿ ಜೋಡಿಸಲೆಂದು ಅವರು ಅಂಗಡಿಯ ಕಂಪ್ಯೂಟರಿಗೆ ಯಾವುದೋ ಪುಕ್ಕಟೆ ತಂತ್ರಾಂಶವನ್ನು ಇಳಿಸಿಕೊಂಡಿದ್ದರು. ಅಂದಿನಿಂದ ಏನನ್ನು ಹುಡುಕಿದರೂ ಹೆಸರೇ ಕೇಳದ ಒಂದು ಪುಟ ತೆರೆದುಕೊಳ್ಳುತ್ತಿತ್ತು. 'ಹೇಗೋ ಕೆಲಸ ನಡೆಯುತ್ತದಲ್ಲ' ಎಂದು ಸುಮ್ಮನಿದ್ದರು. ಒಂದು ದಿನ ಬ್ಯಾಂಕಿನ ಸಹಾಯವಾಣಿಯ ನಂಬರನ್ನು ಹುಡುಕಿ, ಮೊದಲ ಸಾಲಿನಲ್ಲಿ ಕಂಡ ನಂಬರಿಗೆ ಕರೆ ಮಾಡಿದರು. ಅದು ಬ್ಯಾಂಕಿನದಾಗಿರಲಿಲ್ಲ, ಯಾರೋ ಹಣ ಕೊಟ್ಟು ಹಾಕಿಸಿದ ಜಾಹೀರಾತು. ಆ ಕಡೆಯವನು ಹೇಳಿದಂತೆ ಫೋನಿಗೆ ಒಂದು ಆ್ಯಪ್ ಹಾಕಿಕೊಂಡರು. ಅರ್ಧ ಗಂಟೆಯೊಳಗೆ ಒಂದು ವಾರದ ವ್ಯಾಪಾರದ ದುಡ್ಡು ಖಾತೆಯಿಂದ ಹೊರಟುಹೋಯಿತು.

ಇದರಲ್ಲಿ ಅವರ ತಪ್ಪೆಷ್ಟು? ಕೇಳದೆ ಬಂದು ಕುಳಿತವನನ್ನು ಎಬ್ಬಿಸಿ ಕಳುಹಿಸಲಿಲ್ಲ, ಅಷ್ಟೇ. ಆ ತಪ್ಪನ್ನು ನಾವೆಲ್ಲರೂ ಮಾಡುತ್ತಿದ್ದೇವೆ.

ಮೊದಲು ಒಂದು ಮಾತನ್ನು ಬಿಡಿಸಿ ಹೇಳುತ್ತೇನೆ. ಕ್ರೋಮ್, ಫೈರ್‌ಫಾಕ್ಸ್ ಮುಂತಾದವು ಬ್ರೌಸರುಗಳು. ಅವು ಜಟಕಾ ಗಾಡಿ ಇದ್ದ ಹಾಗೆ. ಗೂಗಲ್, ಬಿಂಗ್, ಡಕ್‌ಡಕ್‌ಗೋ ಎಂಬುವು ಸರ್ಚ್ ಎಂಜಿನ್‌ಗಳು. ನೀವು ಕೇಳಿದ್ದು ಎಲ್ಲಿದೆ ಎಂದು ದಾರಿ ತೋರಿಸತಕ್ಕವು. ನೀವು ಯಾರನ್ನೂ ಆರಿಸದೆ ಇದ್ದಾಗ ತಾನಾಗಿಯೇ ಮುಂದೆ ನಿಲ್ಲುವವನಿಗೆ 'ಡಿಫಾಲ್ಟ್' ಎನ್ನುತ್ತಾರೆ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಇಳಿದೊಡನೆ ಒಬ್ಬನು ಬಂದು ಕೈ ಹಿಡಿದು, 'ಬನ್ನಿ ಸ್ವಾಮಿ, ಒಳ್ಳೆಯ ಹೋಟೆಲು ತೋರಿಸುತ್ತೇನೆ' ಎಂದರೆ ಅವನು ಯಾವ ಹೋಟೆಲಿಗೆ ಕರೆದುಕೊಂಡು ಹೋಗುತ್ತಾನೆ? ತನಗೆ ಕಮಿಷನ್ ಕೊಡುವ ಹೋಟೆಲಿಗೆ. ಇದು ನಮಗೆ ಚೆನ್ನಾಗಿ ಗೊತ್ತು. ಆದರೆ ಫೋನಿನಲ್ಲಿ ಅದೇ ಮನುಷ್ಯ ಬಂದರೆ ಗುರುತು ಹಿಡಿಯುವುದಿಲ್ಲ.

ಈ ಜಾಗಕ್ಕೆ ಎಷ್ಟು ಬೆಲೆ ಇದೆ ಗೊತ್ತೆ? ಫೋನುಗಳಲ್ಲಿ, ಬ್ರೌಸರುಗಳಲ್ಲಿ ತನ್ನನ್ನೇ ಡಿಫಾಲ್ಟ್ ಆಗಿ ಇಡಬೇಕೆಂದು ಗೂಗಲ್ ಕಂಪನಿ 2021 ಒಂದೇ ವರ್ಷದಲ್ಲಿ ಇತರ ಕಂಪನಿಗಳಿಗೆ ಕೊಟ್ಟದ್ದು 2,630 ಕೋಟಿ ಡಾಲರು. ಅಂದಿನ ಲೆಕ್ಕದಲ್ಲಿ ಎರಡು ಲಕ್ಷ ಕೋಟಿ ರೂಪಾಯಿಗಳ ಹತ್ತಿರ. ಅಮೆರಿಕದ ನ್ಯಾಯಾಲಯದ ವಿಚಾರಣೆಯಲ್ಲಿ ಹೊರಬಿದ್ದ ಲೆಕ್ಕವಿದು. 2024ರ ಆಗಸ್ಟ್ 5ರಂದು ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಗೂಗಲ್ ಕಂಪನಿ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂದು ತೀರ್ಪು ಕೊಟ್ಟರು. ಯಾರೂ ಬದಲಾಯಿಸುವುದಿಲ್ಲ ಎಂಬ ಭರವಸೆಯ ಮೇಲೆಯೇ ಇಷ್ಟು ಹಣ ಸುರಿಯುವುದು. ನಮ್ಮ ಆಲಸ್ಯಕ್ಕೆ ಅವರು ಕಟ್ಟಿದ ಬೆಲೆ ಅದು.

ನಮ್ಮ ದೇಶವೂ ಸುಮ್ಮನೆ ಕುಳಿತಿಲ್ಲ. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಆಂಡ್ರಾಯ್ಡ್ ಫೋನುಗಳ ವಿಚಾರದಲ್ಲಿ ಗೂಗಲಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಹೊಸ ಫೋನನ್ನು ಸಿದ್ಧಪಡಿಸುವಾಗಲೇ ಯಾವ ಸರ್ಚ್ ಎಂಜಿನ್ ಬೇಕೆಂದು ಬಳಸುವವನು ಆರಿಸಿಕೊಳ್ಳಲು ಅವಕಾಶವಿರಬೇಕೆಂದು ಅಪ್ಪಣೆ ಮಾಡಿತು. 2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಾಧಿಕರಣ ಕೆಲವು ಅಪ್ಪಣೆಗಳನ್ನು ತೆಗೆದುಹಾಕಿತಾದರೂ ದಂಡವನ್ನು ಎತ್ತಿಹಿಡಿಯಿತು. ಆದರೆ ಕಾನೂನು ಬಾಗಿಲು ತೆರೆಯಬಹುದೇ ಹೊರತು, ನಮ್ಮ ಕಾಲಿನಿಂದ ನಡೆಯಲಾರದು.

ಹಾಗಾದರೆ ಏನು ಮಾಡಬೇಕು? ಇದನ್ನು ನಾನೇ ಪೆಟ್ಟು ತಿಂದು ಕಲಿತೆ. ಆ ಅಂಗಡಿಯವರ ಕಂಪ್ಯೂಟರಿನಲ್ಲಿ ಆ ಪುಟದ ಹೆಸರು ತೆಗೆದು, ಬೇರೆಯದನ್ನು ಇಟ್ಟು, ದೊಡ್ಡ ಕೆಲಸ ಮಾಡಿದವನಂತೆ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಅದು ಮತ್ತೆ ಬಂದು ಕುಳಿತಿತ್ತು. ಕಳೆಯ ತಲೆ ಕತ್ತರಿಸಿ ಬೇರನ್ನು ಬಿಟ್ಟಿದ್ದೆ. ಆದುದರಿಂದ ಕ್ರಮವಾಗಿ ಹೇಳುತ್ತೇನೆ, ಮನಸ್ಸಿಟ್ಟು ಕೇಳಿ.

ಮೊದಲನೆಯದು, ಬೇರನ್ನು ಕೀಳುವುದು. ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ಸ್' ಎಂಬಲ್ಲಿ ತೊಂದರೆ ಶುರುವಾದ ದಿನಗಳಲ್ಲಿ ಏನೇನು ಸೇರಿಕೊಂಡಿದೆ ಎಂದು ನೋಡಿ, ನೀವು ಹಾಕದ್ದನ್ನು, ಬೇಡದ್ದನ್ನು ಅಳಿಸಿ. ಆಮೇಲೆ ಬ್ರೌಸರಿನ ಮೂಲೆಯ ಮೂರು ಚುಕ್ಕೆ ಒತ್ತಿ 'ಎಕ್ಸ್‌ಟೆನ್ಷನ್ಸ್'ಗೆ ಹೋಗಿ, ಗುರುತಿಲ್ಲದ್ದನ್ನೆಲ್ಲ ತೆಗೆಯಿರಿ. ಕಳ್ಳ ಅಡಗಿ ಕುಳಿತಿರುವುದು ಸಾಮಾನ್ಯವಾಗಿ ಇಲ್ಲೇ.

ಎರಡನೆಯದು, ಆಯ್ಕೆ. ಕ್ರೋಮ್‌ನಲ್ಲಿ ಮೂರು ಚುಕ್ಕೆ, ಸೆಟ್ಟಿಂಗ್ಸ್, ಸರ್ಚ್ ಎಂಜಿನ್. ಫೋನಿನಲ್ಲೂ ಇದೇ ದಾರಿ. ಡಿಫಾಲ್ಟ್ ಆಗಿ ಕುಳಿತಿರುವುದನ್ನು ನೇರವಾಗಿ ಅಳಿಸಲು ಬಿಡುವುದಿಲ್ಲ; ಮೊದಲು ಬೇರೊಂದನ್ನು ಆ ಸ್ಥಾನದಲ್ಲಿ ಕೂರಿಸಿ, ಅನಂತರ ಹಳೆಯದನ್ನು ಪಟ್ಟಿಯಿಂದ ಅಳಿಸಿ. ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ 'ಸರ್ಚ್' ಎಂಬಲ್ಲಿ ಇದು ಸಿಗುತ್ತದೆ. ಐಫೋನ್ ಇದ್ದವರು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಫಾರಿ ಎಂಬುದನ್ನು ಹುಡುಕಿ. ಇಷ್ಟಕ್ಕೂ ಬಗ್ಗದಿದ್ದರೆ ಕಂಪ್ಯೂಟರಿನ ಕ್ರೋಮ್‌ನಲ್ಲಿ 'ರಿಸೆಟ್ ಸೆಟ್ಟಿಂಗ್ಸ್' ಇದೆ. ಅದರಿಂದ ನೀವು ಗುರುತು ಹಾಕಿಟ್ಟ ಪುಟಗಳೂ ಉಳಿಸಿದ ಪಾಸ್‌ವರ್ಡುಗಳೂ ಅಳಿಯುವುದಿಲ್ಲ.

ಮೂರನೆಯದು, ನಾನು ಮರೆತದ್ದು. ಒಂದೇ ಖಾತೆಯಿಂದ ಅಂಗಡಿಯ ಕಂಪ್ಯೂಟರು, ಮಗನ ಲ್ಯಾಪ್‌ಟಾಪು ಎಲ್ಲವೂ ನಡೆಯುತ್ತಿದ್ದರೆ 'ಸಿಂಕ್' ಎಂಬ ವ್ಯವಸ್ಥೆ ಒಂದರಲ್ಲಿದ್ದುದನ್ನು ಇನ್ನೊಂದಕ್ಕೆ ಸಾಗಿಸುತ್ತದೆ. ನಾನು ಅಂಗಡಿಯಲ್ಲಿ ಕಿತ್ತದ್ದು ಮನೆಯ ಲ್ಯಾಪ್‌ಟಾಪಿನಿಂದ ಮರಳಿ ಬಂದಿತ್ತು. ಆದುದರಿಂದ ಸಿಂಕ್ ನಿಲ್ಲಿಸಿ, ಎಲ್ಲ ಯಂತ್ರಗಳನ್ನೂ ಶುದ್ಧ ಮಾಡಿ, ಆಮೇಲೆ ಶುರುಮಾಡತಕ್ಕದ್ದು.

ಇನ್ನೊಂದು ಎಚ್ಚರ. ಆಂಡ್ರಾಯ್ಡ್ ಫೋನಿನ ಮುಖದ ಮೇಲಿರುವ ಗೂಗಲ್ ಹುಡುಕುವ ಪಟ್ಟಿ ಕ್ರೋಮ್‌ಗೆ ಸೇರಿದ್ದಲ್ಲ. ಕ್ರೋಮ್‌ನಲ್ಲಿ ಬದಲಾಯಿಸಿದ ಮಾತ್ರಕ್ಕೆ ಅದು ಬದಲಾಗದು. ಬಹಳ ಫೋನುಗಳಲ್ಲಿ ಅದನ್ನು ಒತ್ತಿ ಹಿಡಿದು ತೆಗೆಯಬಹುದು.

ಗೂಗಲನ್ನು ಬಳಸಲೇ ಕೂಡದು ಎಂದು ನಾನು ಹೇಳುತ್ತಿಲ್ಲ. ನೋಡಿ, ತೂಗಿ, ಬೇಕೆಂದು ಆರಿಸಿಕೊಂಡರೆ ಬಳಸಿ. ಆದರೆ ಯಾವುದನ್ನು ಆರಿಸಿದರೂ ಜಾಹೀರಾತಿನ ಸಾಲನ್ನು ನಂಬಿ ಬ್ಯಾಂಕಿಗಾಗಲಿ, ಪಿ.ಎಫ್. ಕಚೇರಿಗಾಗಲಿ ಕರೆ ಮಾಡಬೇಡಿ. ಗೌರಿಬಿದನೂರಿನ ಮಿಲ್ಲಿನ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಪಿ.ಎಫ್. ಬಾಕಿ ಎಷ್ಟಿದೆ ಎಂದು ಹುಡುಕುವವರು ನೀವು. ನಿಮ್ಮ ಬೆವರಿನ ದುಡ್ಡು ಅಲ್ಲಿದೆ. ಬ್ಯಾಂಕಿನ ನಂಬರು ನಿಮ್ಮ ಪಾಸ್‌ಪುಸ್ತಕದಲ್ಲಿ, ಎ.ಟಿ.ಎಂ. ಕಾರ್ಡಿನ ಹಿಂಭಾಗದಲ್ಲಿ ಇರುತ್ತದೆ, ಅಲ್ಲಿಂದ ತೆಗೆದುಕೊಳ್ಳಿ. ಒಂದು ವೇಳೆ ಮೋಸ ಹೋದರೆ ನಾಚಿಕೆಯಿಂದ ಮುಚ್ಚಿಡದೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ದೂರ ಹೋಗುತ್ತದೆ.

ಬಂಧುಗಳೇ, ಈ ಊರಿನವರಿಗೆ ದಲ್ಲಾಳಿ ಹೊಸಬನಲ್ಲ. ಗೂಡು ಬೆಳೆದ ರೈತನಿಗೂ ನೂಲು ಬಿಚ್ಚುವವನಿಗೂ ನಡುವೆ ಮರೆಯಲ್ಲಿ ಬೆಲೆ ಕಟ್ಟುವವನು ಇರಬಾರದೆಂದೇ 1959ರ ರೇಷ್ಮೆ ಕಾಯಿದೆ ಬಂತು, ಸರ್ಕಾರಿ ಮಾರುಕಟ್ಟೆಯಲ್ಲಿ ಎಲ್ಲರೆದುರಿಗೆ ಹರಾಜು ಬಂತು. ನಿಮ್ಮಲ್ಲಿ ಯಾವ ರೀಲರನಾದರೂ ಗೂಡಿನ ರಾಶಿಗೆ ಕೈಹಾಕಿ ನೋಡದೆ ಬೆಲೆ ಕಟ್ಟುತ್ತಾನೆಯೆ? ಅದೇ ಕೈ, ಅದೇ ಎಚ್ಚರ ಫೋನಿನ ಮುಂದೆ ಯಾತಕ್ಕೆ ಸೋಲಬೇಕು?

ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಬಾಳಿನುದ್ದಕ್ಕೂ ಸಾರಿದರು. ಇಂದು ರಾತ್ರಿ ಮನೆಗೆ ಹೋದಮೇಲೆ ಊಟಕ್ಕೆ ಮುಂಚೆ ಫೋನು ತೆಗೆದು ಒಂದೇ ಒಂದು ಪ್ರಶ್ನೆ ಕೇಳಿ: 'ನಿನ್ನನ್ನು ಇಲ್ಲಿ ಕೂರಿಸಿದವರು ಯಾರಪ್ಪ?' ನೀವಲ್ಲದಿದ್ದರೆ ಎಬ್ಬಿಸಿ. ಬರದಿದ್ದವರು ಮಕ್ಕಳನ್ನು ಕೇಳಿ. ಮಕ್ಕಳಿಗೂ ಬರದಿದ್ದರೆ ನನ್ನ ಬಳಿ ಬನ್ನಿ, ಕೂತು ಒಟ್ಟಿಗೆ ಮಾಡೋಣ. ಚಿಂತಾಮಣಿಯ ಆ ಅಂಗಡಿಯವರು ಈಗ ಅಕ್ಕಪಕ್ಕದ ಅಂಗಡಿಗಳವರಿಗೆ ತಾವೇ ಕಲಿಸುತ್ತಿದ್ದಾರೆ.